ಬೇಳೆ ಆರಿಸಿದ ಶನಿವಾರಗಳು

ಆಳಂದದ ಬಸ್ ನಿಲ್ದಾಣ ಇನ್ನೂ ದೂರವಿರುವಾಗಲೇ ಆ ವಾಸನೆ ಕಿಟಕಿಯಿಂದ ಒಳಗೆ ನುಗ್ಗಿತು. ಎಣ್ಣೆ ಸವರಿ, ದಾಲ್ ಮಿಲ್ಲುಗಳ ಮಾಳಿಗೆಯ ಮೇಲೆ ಬಿಸಿಲಿಗೆ ಹರವಿದ ತೊಗರಿಯ ವಾಸನೆ. ಈ ಊರಿನವರಿಗೆ ಅದು ವರ್ಷದ ಗಳಿಕೆಯ ವಾಸನೆ. ನನಗೆ ಅದು ಮೂಗಿಗೆ ಬಿದ್ದರೆ ಯಾರೋ ವಿಚಾರಣೆಗೆ ಕರೆದಂತಾಗಿ ಹಲ್ಲು ತಾನಾಗಿ ಕಚ್ಚಿಕೊಳ್ಳುತ್ತದೆ. ನನ್ನ ಮುಂದಿನ ಸೀಟಿನಲ್ಲಿ ಹೆಂಡತಿ ಸುನೀತಾ ತೊಡೆಯ ಮೇಲೊಂದು ಕುಂಬಳಕಾಯಿ ಇಟ್ಟುಕೊಂಡು ಕುಳಿತಿದ್ದಳು. ಅವಳ ಪಕ್ಕದಲ್ಲಿ, ನಮ್ಮ ಜೊತೆ ಬರಲೆಂದೇ ಹಿಂದಿನ ದಿನ ಜೇವರ್ಗಿಯಿಂದ ಬಂದಿದ್ದ ಅವಳ ತಾಯಿ. ಅಲ್ಲಿನ ಕ್ರೈಸ್ತ ಸಭೆಯ ಸುಗ್ಗಿ ಆರಾಧನೆಗೆ ಹೊರಟಿದ್ದೆವು. ಹೊರಡಿಸಿದವಳು ಸುನೀತಾ. ನನ್ನನ್ನು ಕೇಳಿದ್ದರೆ ಆ ಊರಿನ ಹೆಸರು ಬರೆದ ಬಸ್ಸನ್ನೇ ನಾನು ಹತ್ತುತ್ತಿರಲಿಲ್ಲ.

ಕಾರಣವಿದೆ. ಇದೇ ಊರಿನಲ್ಲಿ, ಇಂಥದೇ ಒಂದು ಸುಗ್ಗಿ ಆರಾಧನೆಯಲ್ಲಿ, ತುಂಬಿದ ಸಭೆಯ ಎದುರು ನಿಂತು ತಾನು ಈ ಮನುಷ್ಯನ ಮನೆಯವಳಲ್ಲ ಎಂದು ಅವಳು ಹೇಳಿದ್ದಳು. ಆಮೇಲೆ ನನ್ನ ಜೊತೆ ಬಾಳಲು ಬಂದಳು. ಅಫಜಲಪುರದ ಬಾಡಿಗೆ ಮನೆಯಲ್ಲಿ ನಾವು ಸಂಸಾರ ಮಾಡಿಕೊಂಡಿದ್ದೇವೆ, ಜಗಳವಾಡುತ್ತೇವೆ, ಕೆಲವೊಮ್ಮೆ ನಗುತ್ತೇವೆ ಕೂಡ. ಆದರೆ ಆ ಮಾತನ್ನು ಅವಳು ಇದುವರೆಗೆ ಹಿಂದಕ್ಕೆ ತೆಗೆದುಕೊಂಡಿರಲಿಲ್ಲ. ನಾವಿರುವ ಮನೆಗೆ ಅವಳು ‘ಆ ಮನಿ’ ಎನ್ನುತ್ತಿದ್ದಳು. ಆ ಮನೀಗೆ ಹಾಲು ತರ್ರಿ, ಆ ಮನೀ ಕೀಲಿ ಎಲ್ಲದರಿ, ಎಂದು. ಒಂದು ಸಣ್ಣ ಶಬ್ದ ಮನುಷ್ಯನನ್ನು ದಿನವೂ ಎಷ್ಟು ಕಡೆ ಚುಚ್ಚಬಲ್ಲದು ಎಂಬುದು ನನಗೆ ಗೊತ್ತು.

ನೆನಪಿನ ವಿಷಯ ಮೊದಲೇ ಹೇಳಿಬಿಡುತ್ತೇನೆ. ವಿಶ್ವವಿದ್ಯಾಲಯದಲ್ಲಿ ನಾನು ಗಟ್ಟಿಯಾಗಿ ಕಲಿತದ್ದು ಒಂದೇ ಪಾಠ: ಹೇಳುವವನನ್ನು ನಂಬಬೇಡ, ಹಾಗೆ ಹೇಳುವುದರಿಂದ ಅವನಿಗೆ ಏನು ಸಿಗುತ್ತದೆ ಎಂದು ನೋಡು. ಅದನ್ನು ನಾನು ದೇವರ ಮೇಲೆ, ಅಪ್ಪನ ಮೇಲೆ, ಸಭಾಪಾಲಕರ ಮೇಲೆ ಉತ್ಸಾಹದಿಂದ ಪ್ರಯೋಗಿಸಿದೆ. ಆ ಸುಗ್ಗಿಯನ್ನು ನೆನಪಿಸಿಕೊಳ್ಳುವಾಗ ಅದು ತಿರುಗಿ ನನ್ನ ಮೇಲೆಯೇ ಬೀಳುತ್ತದೆ. ಆ ದಿನದ ಒಂದು ಮುಖ್ಯ ಸಂಗತಿಯನ್ನು ನಾನು ಬೇಕೆಂದೇ ಮಾಡಿದೆನೋ ಅಥವಾ ಮರೆವಿನಿಂದ ಆಯಿತೋ ನನಗೆ ತಿಳಿಯದು. ಇನ್ನೊಂದು ಸಂಗತಿ ನಾನು ಕಣ್ಣಾರೆ ಕಂಡಂತೆ ಹೇಳಿಕೊಂಡು ತಿರುಗಿದ್ದು. ಅದು ನಡೆದೇ ಇರಲಿಲ್ಲ.

ಆ ವರ್ಷ ನಾನು ಆಳಂದದ ಒಂದು ಪದವಿ ಕಾಲೇಜಿನಲ್ಲಿ ಸಮಾಜಶಾಸ್ತ್ರದ ಅತಿಥಿ ಉಪನ್ಯಾಸಕ. ಮದುವೆ ಹೊಸದು. ಮೊಬೈಲಿನಲ್ಲಿ ಅಶ್ಲೀಲ ವಿಡಿಯೊ ನೋಡುವ ಚಟ ಹಳೆಯದು. ಹಾಸ್ಟೆಲ್ಲಿನಲ್ಲಿ ಹತ್ತಿಕೊಂಡಿದ್ದು ಮದುವೆಯಾದರೆ ತಾನಾಗಿ ಬಿಡುತ್ತದೆ ಎಂದುಕೊಂಡಿದ್ದೆ. ಬಿಡಲಿಲ್ಲ, ಬೆಳೆಯಿತು. ಕಾಲೇಜಿನ ಎರಡು ತರಗತಿಗಳ ನಡುವೆ, ಊಟಕ್ಕೆ ಮುಂಚೆ, ಸ್ನಾನದ ಮನೆಯಲ್ಲಿ. ಸಂತೋಷಕ್ಕೆ ನೋಡುತ್ತಿದ್ದೆ ಎಂದರೆ ಸುಳ್ಳು. ಬೇಸರವಾದರೆ ನೋಡುತ್ತಿದ್ದೆ, ಸಿಟ್ಟು ಬಂದರೆ ನೋಡುತ್ತಿದ್ದೆ, ನೋಡಿದ್ದಕ್ಕೆ ಅಸಹ್ಯಪಟ್ಟುಕೊಂಡು ಮತ್ತೆ ನೋಡುತ್ತಿದ್ದೆ. ಓದಿದವನಿಗೆ ಒಂದು ಹೆಚ್ಚಿನ ಅನುಕೂಲವಿರುತ್ತದೆ. ತನ್ನ ಕೊಳಕಿಗೆ ಅವನು ಸಿದ್ಧಾಂತ ಹೊದಿಸಬಲ್ಲ. ನಾಚಿಕೆ ಎಂಬುದು ಸಮಾಜ ಕಟ್ಟಿದ್ದು, ಪಾಪ ಎಂಬುದು ಮಿಷನ್ನಿನವರು ತಂದದ್ದು ಎಂದು ನನಗೆ ನಾನೇ ಪಾಠ ಮಾಡಿಕೊಂಡಿದ್ದೆ.

ಮಳೆಗಾಲದ ಕೊನೆಗೆ ಸುನೀತಾಗೆ ಜ್ವರ ಬಂತು. ಮೈ ಸುಡುವಂಥ ಜ್ವರ, ಕೀಲುಗಳಲ್ಲಿ ನೋವು. ಒಂದು ಮಧ್ಯಾಹ್ನ ಅವಳು ಒಳಗೆ ಮಲಗಿದ್ದಳು. ನಾನು ಹೊರಗಿನ ಕೋಣೆಯಲ್ಲಿ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕುಳಿತಿದ್ದೆ. ಅವಳು ನೀರು ಕೇಳಿದ್ದಾಳೆ. ಮತ್ತೆ ಕೇಳಿದ್ದಾಳೆ. ಕೊನೆಗೆ ಗೋಡೆ ಹಿಡಿದುಕೊಂಡು ಎದ್ದು ಬಂದು ನನ್ನ ಬೆನ್ನ ಹಿಂದೆ ನಿಂತಿದ್ದಾಳೆ. ಎಷ್ಟು ಹೊತ್ತು ನಿಂತಿದ್ದಳೋ ಗೊತ್ತಿಲ್ಲ. ತಿರುಗಿ ನೋಡಿದಾಗ ಅವಳ ಕೈಯಲ್ಲಿ ಖಾಲಿ ತಂಬಿಗೆ ಇತ್ತು. ಮೊಬೈಲಿನ ಪರದೆ ನೋಡಿ, ಆಮೇಲೆ ನನ್ನ ಮುಖ ನೋಡಿದಳು.

“ನಾ ಎಷ್ಟ ಕರದೆ, ಕೇಳಿಸಲಿಲ್ಲೇನ್ರಿ?” ಎಂದಳು.

ಅಷ್ಟೇ. ಜ್ವರ ಇಳಿದ ಮೇಲೆ ತವರು ಜೇವರ್ಗಿಗೆ ಹೋದಳು. ಹೋಗುವ ಮುಂಚೆ ಇನ್ನೊಂದು ಪ್ರಶ್ನೆ ಕೇಳಿದಳು: ನನ್ನ ಮುಖ ನೋಡುವಾಗ ನಿಮಗೆ ಯಾರ ಮುಖ ಕಾಣುತ್ತದೆ, ಎಂದು. ನಾನು ಏನೋ ಉತ್ತರ ಕೊಟ್ಟೆ. ಅಂಥ ಉತ್ತರಗಳನ್ನು ನೆನಪು ಅಳಿಸಿಹಾಕುತ್ತದೆ.

ಜೇವರ್ಗಿಯಿಂದ ಷರತ್ತು ಬಂತು. ಆಳಂದದ ಸಭೆಯ ಪಾಸ್ಟರ್ ಸುಂದರಪ್ಪನವರು ಶನಿವಾರ ಮಧ್ಯಾಹ್ನ ಇಂಥ ಗಂಡಸರನ್ನು ಕೂಡಿಸುತ್ತಾರೆ; ಅಲ್ಲಿಗೆ ಹೋಗಬೇಕು; ಪಾಸ್ಟರ್ ‘ಈಗ ಇವನು ಖರೇ ಮಾತಾಡುತ್ತಾನೆ’ ಎಂದು ಹೇಳಿದ ದಿನ ಅವಳು ಬರುವುದನ್ನು ಯೋಚಿಸುತ್ತಾಳೆ. ಹುಟ್ಟಿನಿಂದ ನಾನು ಕ್ರೈಸ್ತನೇ. ಆದರೆ ಎಂ.ಎ. ಮುಗಿಯುವುದರೊಳಗೆ ದೇವರನ್ನು ಬಿಟ್ಟಿದ್ದೆ. ಇಲ್ಲದ ದೇವರ ಮೇಲೆ ಒಬ್ಬ ಮನುಷ್ಯನಿಗೆ ಎಷ್ಟು ಸಿಟ್ಟು ಇರಬಹುದೋ ಅಷ್ಟು ಸಿಟ್ಟು ಹೊತ್ತುಕೊಂಡು ಮೊದಲ ಶನಿವಾರ ಹೋದೆ.

ಚರ್ಚಿಗೆ ಇಲ್ಲಿ ಗುಡಿ ಎನ್ನುತ್ತಾರೆ; ಆ ಗುಡಿಯ ಹಿಂದಿನ ಕೋಣೆ. ಪಕ್ಕದ ಗೋಡೆ ದಾಲ್ ಮಿಲ್ಲಿನದು, ಅದು ದಿನವಿಡೀ ಗುರುಗುಟ್ಟುತ್ತಿತ್ತು. ಹರಿದ ಜಮಖಾನೆ, ಮುರಿದ ಬೆಂಚು, ಎಲ್ಲದರ ಮೇಲೂ ತೊಗರಿಯ ಧೂಳು. ಪಾಪ ನಿವೇದನೆಗೆ ಮೊಣಕಾಲೂರಿಸುತ್ತಾರೆ, ಅಳಿಸುತ್ತಾರೆ ಎಂದು ಅಂದುಕೊಂಡಿದ್ದೆ. ಜಗಳಕ್ಕೆ ತಯಾರಾಗಿ ಹೋಗಿದ್ದೆ. ಸುಂದರಪ್ಪನವರು ನನ್ನ ಮುಂದೆ ಒಂದು ಮೊರ ತಳ್ಳಿದರು. ಅದರ ತುಂಬ ಬೇಳೆ. ಸುಗ್ಗಿ ಆರಾಧನೆಯ ದಿನ ಇಡೀ ಸಭೆಗೆ ಊಟ. ಸರಸಂಬಾ ಕಡೆಯ ವಿಶ್ವಾಸಿಗಳು ಕೊಟ್ಟ ತೊಗರಿಯನ್ನು ಮನೆಯಲ್ಲೇ ಬೀಸುಕಲ್ಲಿನಲ್ಲಿ ಒಡೆಸಿದ್ದು, ತುಂಬ ಕಲ್ಲು. ಅದನ್ನು ಆರಿಸುವುದು ನಮ್ಮ ಕೆಲಸ. ಕೈ ಖಾಲಿ ಇದ್ದರೆ ಗಂಡಸರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಸುಳ್ಳು ಹೇಳುತ್ತಾರೆ, ತಲೆ ತಗ್ಗಿಸಿ ಕಲ್ಲು ಹುಡುಕುವಾಗ ಮಾತು ತಾನೇ ಬರುತ್ತದೆ ಎಂಬುದು ಅವರ ಲೆಕ್ಕಾಚಾರ. ಸಭೆಯವರಿಗೂ ನಾವು ಯಾರೆಂದು ಗೊತ್ತಿರಲಿಲ್ಲ. ‘ಶನಿವಾರ ಬ್ಯಾಳಿ ಆರಿಸೋರು’, ಅಷ್ಟೇ. ಈ ಮರೆ ನನಗೆ ಅನುಕೂಲವಾಗಿತ್ತು, ಅವಮಾನವೂ ಆಗಿತ್ತು. ಸುದ್ದಿ ಜೇವರ್ಗಿಗೆ ಮುಟ್ಟಿದಾಗ ಅತ್ತೆ ಫೋನಿನಲ್ಲಿ ಯಾರಿಗೋ ಹೇಳುವಂತೆ ನನಗೇ ಕೇಳಿಸಿದರು: ಎಂ.ಎ. ಮಾಡಿ ಬ್ಯಾಳಿ ಆರಸಾಕತ್ತಾನಂತ, ನಮ್ಮ ಮನ್ಯಾಗ ಹೆಣ್ಮಕ್ಕಳು ಓದದs ಆರಸ್ತಾರ.

ಕೋಣೆಯಲ್ಲಿ ಇನ್ನೊಬ್ಬ ಇದ್ದ. ರಜಾಕ್ ಭಾಯಿ, ತೊಗರಿ ಸಾಗಿಸುವ ಲಾರಿಯ ಚಾಲಕ. ಅವನದು ಮೊಬೈಲಿನ ರೋಗವಲ್ಲ. ದೂರದ ಹೆದ್ದಾರಿಗಳಲ್ಲಿ ಲಾರಿ ನಿಲ್ಲುವ ಕಡೆ ಕಾಯುವ ಹೆಂಗಸರಿಗೆ ಸೇರಿದ್ದು. ಮುಸಲ್ಮಾನನಾದವನು ಇಲ್ಲಿ ಏಕೆ ಎಂದು ನಾನು ಸಮೀಕ್ಷೆಗೆ ಹೋದವನಂತೆ ಕೇಳಿದೆ.

“ನಮ್ಮ ಮಸೀದ್ಯಾಗ ನನ್ನ ಮಾವ ಮೊದಲನೇ ಸಾಲಿನ್ಯಾಗ ಕೂಡ್ತಾನ್ರಿ ಸರ,” ಎಂದ. “ಅಲ್ಲಿ ಹ್ಯಾಂಗ ಬಾಯಿ ಬಿಡ್ಲಿ? ಪಾಸ್ಟರ್ ಸಾಬ್ ನನಗ ಮಗಳು ಕೊಟ್ಟಿಲ್ಲ.”

ಸುಂದರಪ್ಪನವರು ಅವನ ಮುಂದೆ ಧರ್ಮದ ಮಾತು ಎತ್ತಿದ್ದನ್ನು ನಾನು ಕೇಳಲಿಲ್ಲ. ಕೇಳಿದ್ದರೆ ನನಗೆ ಸಂತೋಷವಾಗುತ್ತಿತ್ತು. ಎದ್ದು ಹೋಗಲು ನೆಪ ಸಿಗುತ್ತಿತ್ತು. ಅವರ ಪ್ರಾರ್ಥನೆ ಕೂಡ ಒಂದೇ ಸಾಲು. ಕಣ್ಣು ಮುಚ್ಚಿ, “ಕರ್ತನೇ, ಇವರು ಬಂದಾರ,” ಎನ್ನುತ್ತಿದ್ದರು. ಆಮೆನ್. ಆಮೇಲೆ ಕಲ್ಲು. ನಡುವೆ ಒಂದೇ ಪ್ರಶ್ನೆ: ಈ ವಾರ ಹ್ಯಾಂಗ?

ರಜಾಕ್ ಹೆಚ್ಚಿನ ವಾರ “ಬಿದ್ದೆರಿ” ಎನ್ನುತ್ತಿದ್ದ, ಬಸ್ ತಪ್ಪಿತು ಎನ್ನುವವನಂತೆ. ಬಿದ್ದು ಎಲ್ಲಿಗೆ ಬಂದಿ, ಎಂದು ಪಾಸ್ಟರ್ ಕೇಳುತ್ತಿದ್ದರು. ಇಲ್ಲಿಗೆ, ಎನ್ನುತ್ತಿದ್ದ. ಮತ್ತ ಸಾಕಲ್ಲ, ಆರಿಸು, ಎನ್ನುತ್ತಿದ್ದರು. ನನಗೆ ಇದು ಅಗ್ಗದ ಆಟವೆನಿಸುತ್ತಿತ್ತು. ಬೀಳುವುದಕ್ಕೆ ಚೀಟಿ ಬರೆದುಕೊಟ್ಟಂತೆ. ಅವನನ್ನು ನಾನು ಕೀಳಾಗಿ ನೋಡುತ್ತಿದ್ದೆ. ನನ್ನ ಸರದಿ ಬಂದಾಗ “ಚಲೋ ಅದರಿ” ಎನ್ನುತ್ತಿದ್ದೆ. ಒಂದು ವಾರವೂ ಅದು ನಿಜವಾಗಿರಲಿಲ್ಲ. ಕಾಲೇಜಿನ ಶೌಚಾಲಯದಿಂದ ನೇರವಾಗಿ ಆ ಕೋಣೆಗೆ ಬಂದು ಹೇಳಿದ್ದೂ ಇದೆ. ಮಾತು ಚೆನ್ನಾಗಿ ಆಡುತ್ತಿದ್ದೆ. ಸಂಯಮದ ಬಗ್ಗೆ, ಮನಸ್ಸಿನ ರಚನೆಯ ಬಗ್ಗೆ. ಪಾಸ್ಟರ್ ಒಪ್ಪಿದಂತೆಯೂ ತೋರಿಸುತ್ತಿರಲಿಲ್ಲ, ಅಲ್ಲಗಳೆಯುತ್ತಲೂ ಇರಲಿಲ್ಲ. ನನ್ನ ಮೊರ ಎಳೆದುಕೊಂಡು ನಾನು ಬಿಟ್ಟ ಕಲ್ಲುಗಳನ್ನು ಸುಮ್ಮನೆ ತೆಗೆದು ಹಾಕುತ್ತಿದ್ದರು. ಅದನ್ನು ಕಂಡರೆ ನನಗೆ ಮೈ ಉರಿಯುತ್ತಿತ್ತು.

ಒಮ್ಮೆ ತಡೆಯಲಾರದೆ ಅವರ ಮೇಲೆ ಹರಿಹಾಯ್ದೆ. ಇದೆಲ್ಲ ದೊಡ್ಡ ಕಂಪನಿಗಳ ದಂಧೆ, ಮನುಷ್ಯನ ಗಮನವನ್ನು ಮಾರಾಟಕ್ಕಿಟ್ಟವರು ಅವರು. ನೀವು ಬಲೆಗೆ ಬಿದ್ದವನನ್ನು ಹಿಡಿದು ಪಾಪಿ ಎನ್ನುತ್ತೀರಿ. ನಿಮಗೆ ನಾಚಿಕೆಯ ಮೇಲೆ ಹೊಟ್ಟೆ ಹೊರೆಯುವ ಕಸುಬು, ಎಂದೆಲ್ಲ. ರಜಾಕ್ ಮೊರದಿಂದ ತಲೆಯೆತ್ತಿ ಸಿನಿಮಾ ನೋಡುವವನಂತೆ ನೋಡಿದ. ಸುಂದರಪ್ಪನವರು ನನ್ನ ಮಾತು ಪೂರ್ತಿ ಮುಗಿಯಲು ಬಿಟ್ಟರು.

“ಇರಬಹುದು ತಮ್ಮಾ. ಕಂಪನಿಯವರು ಕೆಟ್ಟವರs ಇರಬಹುದು. ನಾನೂ ಏನ್ ಭಾಳ ಚಲೋ ಮನಶ್ಯಾ ಅಲ್ಲ,” ಎಂದರು. “ಆದ್ರ ನೀರು ಕೇಳಿದಾಕಿ ನಿನ್ನ ಹೆಂಡತಿ.”

ಅವರಿಗೆ ಅದನ್ನು ಸುನೀತಾ ಹೇಳಿದ್ದಳು. ಅವಳ ಮೇಲೂ ಸಿಟ್ಟು ಬಂತು. ಆ ದಿನಗಳಲ್ಲಿ ನನಗೆ ಸಿಟ್ಟು ಬಾರದ ಪ್ರಾಣಿ ಆಳಂದದಲ್ಲಿ ಇರಲಿಲ್ಲ.

ಸುಗ್ಗಿ ಆರಾಧನೆ ಹತ್ತಿರ ಬಂತು. ಜೇವರ್ಗಿಯಿಂದ ಸುನೀತಾ, ಅತ್ತೆ ಬರುತ್ತಾರೆಂದು ಗೊತ್ತಾಯಿತು. ಅತ್ತೆಯ ತವರು ಇದೇ ಸಭೆ. ನಾನು ಒಂದು ಹಂಚಿಕೆ ಹಾಕಿದೆ. ನಮ್ಮ ಸಭೆಗಳಲ್ಲಿ ಆರಾಧನೆಯ ನಡುವೆ ಎದ್ದು ನಿಂತು ಸಾಕ್ಷಿ ಹೇಳುವ ರೂಢಿ ಇದೆ. ಇಂಥ ಕಷ್ಟದಲ್ಲಿದ್ದೆ, ದೇವರು ಬಿಡಿಸಿದ, ಎಂದು. ಅದರ ರಚನೆ ನನಗೆ ಚಿಕ್ಕಂದಿನಿಂದ ಬಾಯಿಪಾಠ. ನಾನೂ ಒಂದು ಹೇಳಬೇಕು. ರೋಗದ ಹೆಸರು ಹೇಳದೆ, ಕತ್ತಲೆ, ಬಂಧನ, ಬೆಳಕು ಎಂಬ ಮಾತುಗಳಲ್ಲಿ ನುಣುಪಾಗಿ ಹೇಳಿದರೆ ಸಭೆ ಕಣ್ಣೊರೆಸಿಕೊಳ್ಳುತ್ತದೆ, ಅತ್ತೆಯ ಬಾಯಿ ಮುಚ್ಚುತ್ತದೆ, ಹೆಂಡತಿ ಬರುತ್ತಾಳೆ. ಪಾಸ್ಟರನ್ನು ಕೇಳಿದೆ. ಒಂದು ಕ್ಷಣ ನನ್ನನ್ನೇ ನೋಡಿ, ಆತು, ಹೇಳು, ಎಂದರು. ಸಾಕ್ಷಿಯನ್ನು ಮೊಬೈಲಿನಲ್ಲೇ ಟೈಪ್ ಮಾಡಿಟ್ಟುಕೊಂಡೆ. ಒಳ್ಳೆಯ ಗದ್ಯ. ಆ ದಿನ ಬೆಳಿಗ್ಗೆ, ಇಸ್ತ್ರಿ ಮಾಡಿದ ಅಂಗಿ ತೊಡುವ ಮೊದಲು, ಅದೇ ಮೊಬೈಲಿನಲ್ಲಿ ಇನ್ನೊಂದನ್ನೂ ನೋಡಿದೆ.

ಗುಡಿ ತುಂಬಿತ್ತು. ಜೋಳದ ದಂಟಿನ ಕಮಾನು, ತೊಗರಿಯ ಸಿವುಡು, ಕಾಲು ಕಟ್ಟಿದ ಕೋಳಿಗಳು. ಒಂದೊಂದು ಮನೆಯವರು ಸಾಲಾಗಿ ಬಂದು ತಮ್ಮ ಬೆಳೆಯ ಮೊದಲ ಪಾಲನ್ನು ಮುಂದಿನ ಮೇಜಿನ ಮೇಲೆ ಇಡುತ್ತಾರೆ. ಹೊಲವಿಲ್ಲದವರು ತಮ್ಮ ದುಡಿಮೆಯದು ಏನಾದರೂ. ದರ್ಜಿ ಒಂದು ಅಂಗಿ ತರುತ್ತಾನೆ, ಕುರಿ ಸಾಕುವವರು ಕಂಬಳಿ ತರುತ್ತಾರೆ. ಆರಾಧನೆ ಮುಗಿದ ಮೇಲೆ ಎಲ್ಲವನ್ನೂ ಸವಾಲಿಗೆ ಕೂಗುತ್ತಾರೆ; ಹರಾಜಿಗೆ ಇಲ್ಲಿ ಸವಾಲು ಎನ್ನುತ್ತಾರೆ. ಅದಕ್ಕೆ ಎರಡು ನೇಮ. ಮೇಜಿನ ಮೇಲೆ ಬಿದ್ದದ್ದು ದೇವರದು, ಹಿಂದಕ್ಕಿಲ್ಲ. ಕೊಟ್ಟ ಮನೆಯವರು ತಮ್ಮದನ್ನು ತಾವೇ ಸವಾಲು ಕೂಗುವಂತಿಲ್ಲ. ಒಂದು ಕೈಯಿಂದ ಕೊಟ್ಟು ಇನ್ನೊಂದು ಕೈಯಿಂದ ಕಸಿದಂತೆ ಎಂದು.

ನಾನು ಪೇಟೆಯಿಂದ ಬಾಳೆಹಣ್ಣಿನ ಗೊನೆಯೊಂದನ್ನು ತಂದಿದ್ದೆ. ಸಾಲಿನಲ್ಲಿ ನಡೆಯುವಾಗ ಹೆಂಗಸರ ಬದಿಯಲ್ಲಿ ಸುನೀತಾ ಕಂಡಳು. ಬಡವಾಗಿದ್ದಳು. ನನ್ನ ಕಡೆ ನೋಡಿದಳು, ತಿರಸ್ಕಾರದಿಂದ ಅಲ್ಲ. ನಿಂತ ಗಡಿಯಾರವನ್ನು ನೋಡುವಂತೆ, ಈಗಲಾದರೂ ಮುಳ್ಳು ಸರಿಯುತ್ತದೆಯೋ ಎಂದು. ಮೇಜಿನ ಹತ್ತಿರ ಹೋದೆ. ಒಂದು ಕೈಯಲ್ಲಿ ಗೊನೆ, ಇನ್ನೊಂದರಲ್ಲಿ ಸಾಕ್ಷಿ ಬರೆದಿಟ್ಟ ಮೊಬೈಲು. ಗೊನೆ ಇಟ್ಟೆ. ಮೊಬೈಲನ್ನೂ ಇಟ್ಟೆ.

ಇಲ್ಲಿಯೇ ನನ್ನ ನೆನಪು ಕೈಕೊಡುತ್ತದೆ. ಈ ವರ್ಷ ನನ್ನೊಳಗೆ ಬೆಳೆದ ಬೆಳೆ ಇದೊಂದೇ, ಇದನ್ನೇ ತಗೋ, ಎಂದು ಹಲ್ಲು ಕಚ್ಚಿ ಇಟ್ಟೆ ಎಂದು ಒಂದು ನೆನಪು. ಜಾರುತ್ತಿದ್ದ ಗೊನೆಯನ್ನು ಎರಡೂ ಕೈಯಿಂದ ಸರಿಪಡಿಸಲು ಮೊಬೈಲನ್ನು ಕ್ಷಣ ಕೆಳಗಿಟ್ಟು, ಹಿಂದಿನವರು ನೂಕಿದ್ದರಿಂದ ಮರೆತು ಬಂದೆ ಎಂದು ಇನ್ನೊಂದು. ಎರಡೂ ಅಷ್ಟೇ ಸ್ಪಷ್ಟ. ನನ್ನ ಜಾಗಕ್ಕೆ ಬಂದು ತಿರುಗಿ ನೋಡಿದಾಗ ಅದರ ಮೇಲೆ ಯಾರೋ ಜೋಳದ ತೆನೆ ಇಟ್ಟಾಗಿತ್ತು ಎಂಬುದಷ್ಟೇ ಖಚಿತ. ಹೋಗಿ ತೆಗೆದುಕೊಳ್ಳಬಹುದಿತ್ತು. ತೆಗೆದುಕೊಳ್ಳಲಿಲ್ಲ.

ಸಾಕ್ಷಿಗೆ ನನ್ನ ಹೆಸರು ಕರೆದರು. ಎದ್ದು ನಿಂತೆ. ಖಾಲಿ ಅಂಗೈ ನೋಡಿಕೊಂಡೆ. ಬರೆದದ್ದರಲ್ಲಿ ಒಂದು ವಾಕ್ಯವೂ ನೆನಪಾಗಲಿಲ್ಲ. ಹೇಳಲು ನನ್ನ ಬಳಿ ಏನೂ ಇಲ್ಲ, ಎಂದು ಹೇಳಿ ಕುಳಿತೆ. ಸಭೆ ಕೆಮ್ಮಿತು. ಅತ್ತೆ ಸೆರಗು ಬಾಯಿಗೆ ಹಿಡಿದುಕೊಂಡರು, ದುಃಖಕ್ಕಲ್ಲ.

ಸವಾಲು ಕೂಗುವವರು ಹಿರಿಯರಾದ ಯೋಹಾನಪ್ಪ, ನಿವೃತ್ತ ಬಸ್ ಕಂಡಕ್ಟರ್. ಕೋಳಿ, ಕಂಬಳಿ, ಸಿವುಡು ಎಲ್ಲವನ್ನೂ ಟಿಕೆಟ್ ಕೊಡುವ ದನಿಯಲ್ಲಿ ಮಾರಿದರು. ತೆನೆಯ ಕೆಳಗಿಂದ ಮೊಬೈಲು ಹೊರಬಂದಾಗ ಅವರಿಗೆ ಪರಮಾನಂದವಾಯಿತು. ಮಾಸ್ತರರು ಮೊಬೈಲನ್ನೇ ಕಾಣಿಕೆ ಕೊಟ್ಟಿದ್ದಾರೆ, ಇಂಥ ಔದಾರ್ಯ ಈ ಸಭೆಯಲ್ಲಿ ಕಂಡಿಲ್ಲ, ಎಂದು ಸಾರಿದರು. ಜನ ಚಪ್ಪಾಳೆ ತಟ್ಟಿದರು. ಅದು ನಡೆಯುತ್ತದೆ ಎಂದು ತೋರಿಸಲು ಅವರು ಗುಂಡಿ ಒತ್ತಿದರು, ಪರದೆ ಬೆಳಗಿತು. ನಮ್ಮ ಮದುವೆಯ ಫೋಟೊ.

“ಜೋಡಿ ಸಮೇತ ಸವಾಲಿಗಿ ಬಂದದ ನೋಡ್ರಿ,” ಎಂದರು ಯೋಹಾನಪ್ಪ. “ಹಿಂದಿನವರು ಮುಂದ ಬರ್ರಿ.”

ಇಡೀ ಗುಡಿ ನಕ್ಕಿತು. ಹಿಂದಿನಿಂದ ಒಬ್ಬ ಕೂಗಿದ, ಇನ್ನೊಬ್ಬ ಏರಿಸಿದ. ಆ ಫೋಟೊದ ಹಿಂದೆ ಏನೆಲ್ಲ ಇದೆ ಎಂದು ಕಣ್ಣಾರೆ ಕಂಡವರು ಅಲ್ಲಿ ನಾನು, ಸುನೀತಾ ಇಬ್ಬರೇ. ನಾನು ಎದ್ದು ಅದನ್ನು ಕಸಿದುಕೊಳ್ಳಬೇಕಿತ್ತು, ಏಳಲಿಲ್ಲ. ಎದ್ದವಳು ಸುನೀತಾ. ಹಿಂದಿನ ಎಲ್ಲರನ್ನೂ ಮೀರಿಸುವ ಸವಾಲು ಕೂಗಿದಳು. ಅದು ಹಠದ ತಮಾಷೆ ಎಂದುಕೊಂಡು ಜನ ಮತ್ತೆ ನಕ್ಕರು. ಯೋಹಾನಪ್ಪ ಪ್ರೀತಿಯಿಂದಲೇ ಕೈಯಾಡಿಸಿದರು.

“ನಿಮ್ಮ ಮನೀದ ನೀನs ಕೂಗೂಹಂಗಿಲ್ಲ ತಂಗಿ. ಪದ್ಧತಿ ಅದ.”

“ನಾ ಅವರ ಮನಿಯಾಕಿ ಅಲ್ರಿ,” ಎಂದಳು ಸುನೀತಾ. ದನಿ ಏರಿಸಲಿಲ್ಲ. “ನಾ ಜೇವರ್ಗಿಯಾಕಿ. ಸವಾಲು ನಡಸ್ರಿ.”

ನಗು ಎಲ್ಲಿ ಹೋಯಿತೋ. ಪಕ್ಕದ ಮಿಲ್ಲು ಭಾನುವಾರವಾದ್ದರಿಂದ ನಿಂತಿತ್ತು; ಅದು ಗುರುಗುಟ್ಟಿದ್ದರೂ ಆಗುತ್ತಿತ್ತು ಎನಿಸಿತು. ಯಾರೂ ಮೇಲೆ ಕೂಗಲಿಲ್ಲ. ಕೊಟ್ಟುಬಿಡು ಯೋಹಾನಪ್ಪ, ಎಂದು ಸುಂದರಪ್ಪನವರು ಮೆಲ್ಲಗೆ ಹೇಳಿದರು. ಅವಳು ಸೆರಗಿನ ಗಂಟು ಬಿಚ್ಚಿ ಅಲ್ಲೇ ಹಣ ಕೊಟ್ಟು, ಮೊಬೈಲನ್ನು ಚೀಲಕ್ಕೆ ಹಾಕಿ, ಊಟಕ್ಕೂ ನಿಲ್ಲದೆ ತಾಯಿಯೊಡನೆ ಹೊರಟಳು. ಅಫಜಲಪುರದ ಚಿಕ್ಕಮ್ಮನ ಮನೆಗೆ ಹೋಗಿ, ಭೀಮಾ ನದಿಯ ಸೊನ್ನದ ಬ್ಯಾರೇಜು ನೋಡಿಕೊಂಡು ಜೇವರ್ಗಿಗೆ ಹೋಗುವುದೆಂದು ಅತ್ತೆ ಬಾಗಿಲಲ್ಲಿ ಯಾರಿಗೋ ಹೇಳುತ್ತಿದ್ದರು. ಆ ದಿನದ ಬೇಳೆಯಲ್ಲಿ ಒಂದು ಕಲ್ಲೂ ಸಿಗಲಿಲ್ಲವೆಂದು ಜನ ಹೊಗಳಿದರಂತೆ. ನಾನು ತಿನ್ನಲಿಲ್ಲ.

ಮುಂದಿನ ಶನಿವಾರ ಹೋಗಬಾರದೆಂದು ತೀರ್ಮಾನಿಸಿದ್ದೆ. ಹೆಂಡತಿ ಬರುವುದಿಲ್ಲ ಎಂದಾದ ಮೇಲೆ ನಾಟಕ ಯಾಕೆ? ಆದರೂ ಹೋದೆ. ಯಾಕೆ ಹೋದೆ ಎಂಬುದಕ್ಕೂ ನನ್ನಲ್ಲಿ ಒಂದಕ್ಕಿಂತ ಹೆಚ್ಚು ಉತ್ತರಗಳಿವೆ, ಯಾವುದನ್ನೂ ನಂಬುವುದಿಲ್ಲ. ಬೇಳೆ ಮುಗಿದಿತ್ತು, ಪಾಸ್ಟರ್ ಮುಂದಿನ ಕಾಳು ಸುರಿದಿದ್ದರು, ಕಡಲೆ. ಈ ವಾರ ಹ್ಯಾಂಗ, ಎಂದರು.

“ಬಿದ್ದೆರಿ,” ಎಂದೆ. “ಸುಗ್ಗಿ ದಿನ ಮುಂಜಾನಿನೂ ಬಿದ್ದಿದ್ದೆ. ಮೊದಲಿಂದ ಹೇಳಿದ್ದೆಲ್ಲ ಸುಳ್ಳ.”

ರಜಾಕ್ ಕೈಯಲ್ಲಿದ್ದ ಕಲ್ಲು ಕೆಳಗಿಟ್ಟು ನನ್ನನ್ನು ಮೊದಲ ಸಲ ಕಂಡವನಂತೆ ನೋಡಿದ. “ಅಲ್ಹಮ್ದುಲಿಲ್ಲಾ. ಇಷ್ಟು ದಿನ ನಾ ಒಬ್ಬನs ಬೀಳಾಕತ್ತೀನಿ ಅಂತ ಭಾಳ ಬ್ಯಾಸರಾಗಿತ್ರಿ ಸರ,” ಎಂದ. ಮೊಬೈಲನ್ನು ಬೇಕೆಂದೇ ಇಟ್ಟೆನೋ ಮರೆತೆನೋ ತಿಳಿಯದು ಎಂಬುದನ್ನೂ ಅವತ್ತೇ ಹೇಳಿದೆ. ಪಾಸ್ಟರ್ ಅದನ್ನು ದೊಡ್ಡ ಪವಾಡವಾಗಿ ಮಾಡಿಬಿಡುತ್ತಾರೆ ಎಂಬ ಭಯಕ್ಕೆ. ಅವರು ಮಾಡಲಿಲ್ಲ. ಇಟ್ಟಿಯೋ ಮರತಿಯೋ, ಹೊಳ್ಳಿ ತಗೊಳ್ಳಲಿಲ್ಲಲ್ಲ, ಅಷ್ಟರ ಮ್ಯಾಲೆ ನಡಿ, ಎಂದರು. ಆಮೇಲೆ ಕಣ್ಣು ಮುಚ್ಚಿದರು. ಎಂದಿನ ಮಾತೇ, ಈ ಸಲ ಒಬ್ಬನ ಬಗ್ಗೆ: “ಕರ್ತನೇ, ಇಂವ ಬಂದಾನ.” ನಾನು ಅಳಲಿಲ್ಲ. ಧೂಳಿಗೆ ಕಣ್ಣಲ್ಲಿ ನೀರು ಬಂತು ಎಂದು ಹೇಳುವಷ್ಟು ಹೇಡಿಯೂ ನಾನಲ್ಲ, ಬರಲಿಲ್ಲ. ಮೊರವನ್ನು ಹತ್ತಿರ ಎಳೆದುಕೊಂಡು, ಆ ಸಲ ಒಂದು ಕಲ್ಲನ್ನೂ ಬಿಡದಂತೆ ಆರಿಸಿದೆ.

ಇದನ್ನು ಓದುವವರಲ್ಲಿ ಈ ರೋಗದವನು ಯಾರಾದರೂ ಇದ್ದರೆ ನನ್ನಿಂದ ಸಿಹಿ ಮಾತು ನಿರೀಕ್ಷಿಸಬೇಡಿ. ಒಂದು ಸಾಕ್ಷಿಗೆ, ಒಂದು ಪ್ರಾರ್ಥನೆಗೆ, ಒಂದು ಮೊಬೈಲು ಹೋದದ್ದಕ್ಕೆ ಇದು ಬಿಡುವುದಿಲ್ಲ. ಇಂಟರ್‌ನೆಟ್ ಇಲ್ಲದ ಗುಂಡಿಯ ಮೊಬೈಲು ಇಟ್ಟುಕೊಂಡ ಮೇಲೂ ನಾನು ಕಾಲೇಜಿನ ಕಂಪ್ಯೂಟರಿನ ಮುಂದೆ ಬಿದ್ದಿದ್ದೇನೆ. ಮೊದಲು ಬಿದ್ದರೆ ಮಣ್ಣು ಮುಚ್ಚುತ್ತಿದ್ದೆ. ಆಮೇಲೆ ಶನಿವಾರ ಹೋಗಿ ಬಿದ್ದೆ ಎಂದು ಹೇಳುತ್ತಿದ್ದೆ. ವ್ಯತ್ಯಾಸ ಅಷ್ಟೇ, ಆದರೆ ಬದುಕುವುದಕ್ಕೆ ಅದು ಸಾಕಾಗುತ್ತದೆ. ಹೇಳಿಕೊಳ್ಳಲು ಒಂದು ಕೋಣೆ ಹುಡುಕಿಕೊಳ್ಳಿ. ಗೆದ್ದು ಬರುತ್ತೇನೆ ಎಂದು ಕಾಯಬೇಡಿ, ಬಿದ್ದವನೇ ಹೋಗಿ. ದೇವರ ಬಗ್ಗೆ ನನ್ನ ತಕರಾರು ಇನ್ನೂ ಮುಗಿದಿಲ್ಲ. ಆದರೆ ನೀನು ಸರಿಹೋದ ಮೇಲೆ ಬಾ ಎಂದು ಅವನ ಹೆಸರಿನಲ್ಲಿ ಆ ಕೋಣೆಯಲ್ಲಿ ಯಾರೂ ಹೇಳಲಿಲ್ಲ. ಅದನ್ನು ನನ್ನ ಯಾವ ಸಿದ್ಧಾಂತವೂ ಈವರೆಗೆ ಅಲ್ಲಗಳೆದಿಲ್ಲ.

ಬೇಸಿಗೆಯಲ್ಲಿ ಪಾಸ್ಟರ್ ಜೇವರ್ಗಿಗೆ ಫೋನು ಮಾಡಿದರು. ಗುಣವಾಗಿದ್ದಾನೆ ಎನ್ನಲಿಲ್ಲ, ಈಗ ಬಿದ್ದಾಗ ಬಿದ್ದೆ ಅಂತಾನ, ಎಂದರಂತೆ. ಮುಂಗಾರು ಹಿಡಿದ ಮೇಲೆ ಸುನೀತಾ ಒಂದೇ ಚೀಲ ಹಿಡಿದು ಬಂದಳು. ಹಿಂದಿರುಗಲು ಬಂದಿಲ್ಲ, ನೋಡಲು ಬಂದಿದ್ದೇನೆ, ಎಂದಳು. ನೋಡುತ್ತ ವರ್ಷಗಳು ಕಳೆದವು. ನನಗೆ ಅಫಜಲಪುರದಲ್ಲಿ ಕೆಲಸ ಸಿಕ್ಕಿತು. ಅಲ್ಲೂ ಶನಿವಾರಗಳಿವೆ, ಅಲ್ಲೂ ಕೆಲವರು ಬರುತ್ತಾರೆ, ಮೊರ ಇಡುವವನು ಈಗ ನಾನು. ಹೊಸಬರಿಗೆ ನಾನು ಈ ಕಥೆ ಹೇಳುತ್ತಿದ್ದೆ. ಕೊನೆಯಲ್ಲಿ ನನ್ನ ಹೆಂಡತಿ ಸೊನ್ನದ ಬ್ಯಾರೇಜಿನ ಮೇಲೆ ನಿಂತು ಆ ಮೊಬೈಲನ್ನು ಭೀಮೆಗೆ ಎಸೆದಳು, ಗೇಟಿನ ಕೆಳಗೆ ನೊರೆಯಲ್ಲಿ ಅದು ಮುಳುಗಿತು, ಎಂದು. ಅವಳ ಸೆರಗು ಗಾಳಿಗೆ ಹಾರುತ್ತಿದ್ದುದು ಕೂಡ ನನಗೆ ಕಾಣುತ್ತಿತ್ತು. ಕೇಳಿದವರು ಕಣ್ಣೊರೆಸಿಕೊಳ್ಳುತ್ತಿದ್ದರು.

ಈ ಸಲ ಆಳಂದದ ನಿಲ್ದಾಣದಲ್ಲಿ ಇಳಿದಾಗ ಅತ್ತೆ ತಮ್ಮ ಮೊಬೈಲನ್ನು ನನ್ನ ಕೈಗೆ ತುರುಕಿದರು. ಆವಾಜ ಬರವಲ್ದು, ಜರಾ ನೋಡು ಅಳಿಯಾ, ಓದಿದಾಂವ ಇದಕ್ಕರ ಉಪಯೋಗ ಆಗು, ಎಂದರು. ಹಿಂಬದಿಯ ಮೂಲೆಯಲ್ಲಿ ಒಂದು ಸೀಳು, ನಕ್ಷೆಯ ಮೇಲಿನ ಹಳ್ಳದಂತೆ. ಅದನ್ನು ಸೀಳಿದವನು ನಾನು, ಹಾಸ್ಟೆಲ್ಲಿನ ಮೆಟ್ಟಿಲ ಮೇಲೆ ಬೀಳಿಸಿ. ಸವಾಲಿನಲ್ಲಿ ಹೋದ ಅದೇ ಮೊಬೈಲು. ಸುನೀತಾಳ ಕಡೆ ನೋಡಿದೆ. ನದಿಗೆ ಎಸೆದಿದ್ದೆಯಲ್ಲ, ಎಂದೆ.

“ನದಿಗ್ಯಾಕ ಒಗೀಲಿ?” ಎಂದಳು. “ರೊಕ್ಕ ಕೊಟ್ಟ ತಗೊಂಡೇನಿ.”

ಜೇವರ್ಗಿಯ ಮೊಬೈಲ್ ಅಂಗಡಿಯಲ್ಲಿ ಎಲ್ಲ ಅಳಿಸಿಸಿ ಆ ವಾರವೇ ತಾಯಿಗೆ ಕೊಟ್ಟಿದ್ದಳಂತೆ. ಅತ್ತೆ ಅದರಲ್ಲಿ ದಿನವೂ ಪಾಸ್ಟರುಗಳ ಪ್ರಸಂಗ ಕೇಳುತ್ತಾರೆ, ಸಂಬಂಧಿಕರನ್ನು ಬೈಯುತ್ತಾರೆ, ನನ್ನನ್ನು ಬೈಯುವುದೂ ಅದರಲ್ಲೇ. ನಾನು ಭೀಮೆಯಲ್ಲಿ ಮುಳುಗಿತು ಎಂದುಕೊಂಡದ್ದು ಇಷ್ಟು ವರ್ಷ ನನಗೆ ಹಬ್ಬಹಬ್ಬಕ್ಕೂ ಕರೆ ಮಾಡುತ್ತಿತ್ತು. ಆವಾಜಿನ ಗುಂಡಿಯನ್ನು ಮೇಲೆ ಮಾಡಿ ಕೊಟ್ಟೆ. ಸುನೀತಾ ನನ್ನ ಕೈಯನ್ನೇ ನೋಡುತ್ತಿದ್ದಳು, ಅದು ಹಿಂದಕ್ಕೆ ಬರುವವರೆಗೂ.

ಗುಡಿ ಹಾಗೇ ಇತ್ತು. ರಜಾಕ್ ಊರಲ್ಲಿರಲಿಲ್ಲ, ಲಾರಿ ಎಲ್ಲೋ ದೂರದಲ್ಲಿತ್ತು. ಸುಂದರಪ್ಪನವರಿಗೆ ಮುಪ್ಪು ಬಂದು ಕುರ್ಚಿಯಲ್ಲೇ ಕುಳಿತಿದ್ದರು. ಯೋಹಾನಪ್ಪನವರ ದನಿ ಒಡೆದಿದ್ದರೂ ಸವಾಲನ್ನು ಬೇರೆಯವರಿಗೆ ಬಿಟ್ಟಿರಲಿಲ್ಲ. ಅಫಜಲಪುರದ ಮನೆಯ ಹಿತ್ತಲಿನ ಗೋಡೆಯ ಮೇಲೆ ಸುನೀತಾ ಹಬ್ಬಿಸಿದ್ದ ಬಳ್ಳಿಯ ಕುಂಬಳಕಾಯಿಯನ್ನು ಅವರು ಎತ್ತಿ ಹಿಡಿದರು. ಸವಾಲು ಮೇಲೇಳಲಿಲ್ಲ, ಕುಂಬಳಕಾಯಿ ಆ ಮೇಜಿನ ಮೇಲೆ ಬೇಕಾದಷ್ಟಿದ್ದವು. ಮುದುಕ ಸುತ್ತ ನೋಡಿ ಅವಳನ್ನು ಗುರುತಿಸಿದರು. ಅಂಥವರು ಏನನ್ನೂ ಮರೆಯುವುದಿಲ್ಲ.

“ಏ ಜೇವರ್ಗಿ ತಂಗಿ, ನೀ ಕೂಗು,” ಎಂದರು. “ನಿನಗೇನ್ ಪದ್ಧತಿ ಅಡ್ಡ ಬರಂಗಿಲ್ಲಲ್ಲ.”

ಹಳಬರು ಕೆಲವರು ನಕ್ಕರು. ಹೊಸಬರು ಯಾಕೆಂದು ಕೇಳಿದರು. ನನ್ನ ಹಲ್ಲು ಮತ್ತೆ ಕಚ್ಚಿಕೊಂಡಿತು. ಸುನೀತಾ ಎದ್ದು ನಿಂತಳು, ಅಂದಿನಂತೆಯೇ, ಹೆಂಗಸರ ಬದಿಯಲ್ಲಿ.

“ಹ್ಯಾಂಗ ಕೂಗ್ಲಿರಿ,” ಎಂದಳು. “ನಮ್ಮ ಮನೀದ ಅದ.”

ಹೇಳಿ ಕುಳಿತಳು. ಯೋಹಾನಪ್ಪ ಬೇರೆ ಕಡೆ ಮುಖ ತಿರುಗಿಸಿ ಕೂಗತೊಡಗಿದರು. ನಾನು ನನ್ನ ಕಿವಿಯನ್ನು ನಂಬಲಿಲ್ಲ. ನಂಬದಿರುವುದು ನನಗೆ ಅಭ್ಯಾಸ. ನಡುವಿನ ದಾರಿಯ ಆಚೆ ಅತ್ತೆ ಕುಳಿತಿದ್ದರು. ನನ್ನ ಮುಖದಲ್ಲಿ ಏನು ಕಂಡಿತೋ, ದುರುಗುಟ್ಟಿ ನೋಡಿ ನನ್ನ ಕಡೆ ಬಾಗಿದರು.

“ಕೇಳಸ್ತೇನು ಅಳಿಯಾ?”

“ಕೇಳಸ್ತರಿ,” ಎಂದೆ.